ರ‍್ಯಾಂಕಿಂಗ್ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡು

ಪ್ರೀತಿಯ ಗೆಳೆಯಾ,

ಅಮೆರಿಕದಲ್ಲಿ ಫೈನಾನ್ಸ್ ಮಾಸ್ಟರ್ಸ್‌ಗೆ ಯಾವ ಕೋರ್ಸು ಆರಿಸಲಿ ಅಂತ ಕೇಳಿ ನೀನು ಕಳಿಸಿದ ಎಕ್ಸೆಲ್ ಹಾಳೆ ನೋಡಿದೆ. ರ‍್ಯಾಂಕಿಂಗ್, ಶುಲ್ಕ, ಅವಧಿ, ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಎಲ್ಲಕ್ಕೂ ಒಂದೊಂದು ಬಣ್ಣ. ಮೆಕ್ಯಾನಿಕಲ್ ಓದಿದವನ ಕೈಕೆಲಸ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಆದರೆ ಒಂದು ಕಾಲಂ ಬಿಟ್ಟುಹೋಗಿದೆ: ಆ ಕೋರ್ಸನ್ನು ನಡೆಸೋದು ಯಾವ ವಿಭಾಗ? ನನ್ನ ಕೇಳಿದರೆ ಮೊದಲು ತುಂಬಬೇಕಾಗಿದ್ದದ್ದು ಅದನ್ನೇ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನೇ ತಗೋ. ಅಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮತ್ತು ಆಪರೇಷನ್ಸ್ ರಿಸರ್ಚ್ ವಿಭಾಗದವರು ಫೈನಾನ್ಷಿಯಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಕೊಡ್ತಾರೆ. ಗಣಿತ ವಿಭಾಗದವರು ಮ್ಯಾಥಮ್ಯಾಟಿಕ್ಸ್ ಆಫ್ ಫೈನಾನ್ಸ್ ಅಂತ ಎಂ.ಎ. ಕೊಡ್ತಾರೆ. ಬಿಸಿನೆಸ್ ಸ್ಕೂಲಿನವರದು ಫೈನಾನ್ಷಿಯಲ್ ಎಕನಾಮಿಕ್ಸ್. ವಿಶ್ವವಿದ್ಯಾಲಯ ಒಂದೇ, ಬಾಗಿಲು ಮೂರು. ನಿನ್ನ ಹಾಳೆಯಲ್ಲಿ ಮಾತ್ರ ‘ಕೊಲಂಬಿಯಾ’ ಅಂತ ಒಂದೇ ಸಾಲಿದೆ. ಪದವಿಯ ಹೆಸರನ್ನೂ ನಂಬುವ ಹಾಗಿಲ್ಲ. ಪ್ರಿನ್ಸ್‌ಟನ್‌ನ ಪದವಿಗೆ ಮಾಸ್ಟರ್ ಇನ್ ಫೈನಾನ್ಸ್ ಅಂತ ಸಾದಾ ಹೆಸರು, ಒಳಗೆ ಹೋದರೆ ಗಣಿತವೇ ಗಣಿತ. ಅದೇ ಹೆಸರಿನ ಎಷ್ಟೋ ಕೋರ್ಸುಗಳಲ್ಲಿ ಬ್ಯಾಲೆನ್ಸ್ ಶೀಟ್, ವ್ಯಾಲ್ಯುಯೇಷನ್, ವಿಲೀನ, ಸ್ವಾಧೀನ ಇವೇ ಮುಖ್ಯ. ಕಾರ್ನೆಗಿ ಮೆಲನ್‌ನವರು 1994ರಲ್ಲಿ ಶುರುಮಾಡಿದ ಕಂಪ್ಯೂಟೇಷನಲ್ ಫೈನಾನ್ಸ್ ಕೋರ್ಸನ್ನು ಗಣಿತ, ಸಂಖ್ಯಾಶಾಸ್ತ್ರ, ಬಿಸಿನೆಸ್, ಸಾರ್ವಜನಿಕ ನೀತಿ ಹೀಗೆ ನಾಲ್ಕು ಕಡೆಯವರು ಸೇರಿ ನಡೆಸ್ತಾರೆ. ಅಂಥದ್ದು ಅಪರೂಪ. ಉಳಿದ ಕಡೆ ಯಾರ ಮನೆಯಲ್ಲಿ ಇರ್ತೀಯೋ ಅವರ ಭಾಷೆಯನ್ನೇ ಕಲಿತು ಹೊರಗೆ ಬರ್ತೀಯ.

ನಿನಗೆ ಕ್ವಾಂಟ್ ಕಡೆ, ಅಂದರೆ ಗಣಿತದ ಮಾಡೆಲ್‌ಗಳ ಮೇಲೆ ನಡೆಯುವ ಫೈನಾನ್ಸ್ ಕಡೆ, ಮನಸ್ಸು ವಾಲಿರೋದು ಯಾಕೆ ಅಂತ ಗೊತ್ತು. ಬ್ಲ್ಯಾಕ್ ಮತ್ತು ಶೋಲ್ಸ್ 1973ರಲ್ಲಿ ಪ್ರಕಟಿಸಿದ, ಆಪ್ಷನ್‌ಗೆ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿಗೆ) ಬೆಲೆ ಕಟ್ಟುವ ಸಮೀಕರಣದಲ್ಲಿ ಚರಗಳನ್ನು ಒಂದಿಷ್ಟು ಬದಲಿಸಿದರೆ ಸಾಕು, ನಾವು ಹೀಟ್ ಟ್ರಾನ್ಸ್‌ಫರ್ ತರಗತಿಯಲ್ಲಿ ಬಿಡಿಸಿದ ಉಷ್ಣವಹನ ಸಮೀಕರಣವೇ ಎದುರಿಗೆ ಬಂದು ನಿಲ್ಲುತ್ತೆ. ಅದೇ ವರ್ಷ ಆ ಸಿದ್ಧಾಂತವನ್ನು ಬೆಳೆಸಿದ ರಾಬರ್ಟ್ ಮರ್ಟನ್ ಮೊದಲು ಓದಿದ್ದು ಎಂಜಿನಿಯರಿಂಗ್ ಗಣಿತ. ಇಷ್ಟು ಗೊತ್ತಾದ ಮೇಲೆ ಎಂಜಿನಿಯರಿಗೆ ಇದು ನಮ್ಮದೇ ಜಾಗ ಅನ್ನಿಸದೆ ಇರುತ್ತಾ?

ಆದರೆ ನಮ್ಮಂಥವರು ಅಲ್ಲಿ ಎಡವೋದು ಡಿಫರೆನ್ಷಿಯಲ್ ಸಮೀಕರಣದಲ್ಲಿ ಅಲ್ಲ, ಸಂಭವನೀಯತೆಯಲ್ಲಿ. ಎಂಜಿನಿಯರಿಂಗ್ ಪಠ್ಯದಲ್ಲಿ ಅದಕ್ಕೆ ಸಿಗುವ ಜಾಗ ಎಷ್ಟು ಅಂತ ನಿನಗೇ ಗೊತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಅಧ್ಯಾಯ. ಕ್ವಾಂಟ್ ಕೋರ್ಸಿನ ಮೊದಲ ಸೆಮಿಸ್ಟರೇ ಅಲ್ಲಿಂದ ಶುರು: ಕಂಡೀಷನಲ್ ಎಕ್ಸ್‌ಪೆಕ್ಟೇಷನ್, ಮಾರ್ಟಿಂಗೇಲ್, ಬ್ರೌನಿಯನ್ ಚಲನೆ (ಗೊತ್ತುಗುರಿಯಿಲ್ಲದೆ ಅಲೆಯುವ ಚಲನೆ), ಅಂಥ ಚಲನೆಗೆ ಹೊಂದುವ ಕ್ಯಾಲ್ಕುಲಸ್‌ನ ಇಟೋ ಸೂತ್ರ. ನಮ್ಮ ಕ್ಯಾಲ್ಕುಲಸ್‌ನಲ್ಲಿ ಅತಿ ಸಣ್ಣ ಬದಲಾವಣೆಯ ವರ್ಗವನ್ನು ‘ನಗಣ್ಯ’ ಅಂತ ಕಣ್ಣುಮುಚ್ಚಿ ಬಿಸಾಡ್ತಿದ್ದೆವಲ್ಲ, ಬ್ರೌನಿಯನ್ ಚಲನೆಯಲ್ಲಿ ಆ ವರ್ಗ ಕಾಲದ ಬದಲಾವಣೆಯಷ್ಟೇ ದೊಡ್ಡದು. ಬಿಸಾಡೋಕೆ ಆಗಲ್ಲ. ಹಾಗಾಗಿ ಸೂತ್ರಕ್ಕೆ ಒಂದು ಪದ ಹೆಚ್ಚಾಗಿ ಅಂಟಿಕೊಳ್ಳುತ್ತೆ, ಆಪ್ಷನ್ ಬೆಲೆಯ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಅರ್ಜಿ ಹಾಕುವ ಮುಂಚೆ ಒಂದಷ್ಟು ವಾರ ಈ ಒಂದು ಪದದ ಜೊತೆ ಕೂತುನೋಡು. ಅದು ಎಲ್ಲಿಂದ ಬಂತು ಅಂತ ಕೆದಕುವಾಗ ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ ಅಂದರೆ ಧೈರ್ಯವಾಗಿ ಹೋಗು. ಯಾವಾಗ ಮುಗಿಯುತ್ತಪ್ಪಾ ಅನ್ನಿಸಿದರೆ ಅದೂ ಉತ್ತರವೇ.

ಇನ್ನೊಂದು ಪರೀಕ್ಷೆಯೂ ಇದೆ. ಯಂತ್ರ ಮಾಡುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಇಳಿಸಿಕೋ. ಅಧ್ಯಕ್ಷರ ಮಾತು, ಬಣ್ಣದ ಫೋಟೊಗಳನ್ನು ದಾಟಿ ನೇರವಾಗಿ ಹಿಂದಿನ ಟಿಪ್ಪಣಿಗಳಿಗೆ ಹೋಗು. ಸ್ಥಾವರ, ಯಂತ್ರಗಳನ್ನು ಎಷ್ಟು ವರ್ಷಕ್ಕೆ ಸವಕಳಿ ಹಾಕಿದ್ದಾರೆ ಅಂತ ಅಲ್ಲಿರುತ್ತೆ. ಅಕೌಂಟೆಂಟ್ ಆ ಸಂಖ್ಯೆಯನ್ನು ಓದಿ ಮುಂದೆ ಹೋಗ್ತಾನೆ. ನೀನು ‘ಈ ಪ್ರೆಸ್ ಅಷ್ಟು ವರ್ಷ ಬಾಳುತ್ತಾ?’ ಅಂತ ಕೇಳ್ತೀಯ. ಆಯುಷ್ಯ ಹೆಚ್ಚು ತೋರಿಸಿದರೆ ಸವಕಳಿ ಕಡಿಮೆ, ಲಾಭ ಜಾಸ್ತಿ. ಆ ಪ್ರಶ್ನೆ ನಿನ್ನನ್ನು ಕೆರಳಿಸಿದರೆ ಈಕ್ವಿಟಿ ರಿಸರ್ಚ್ (ಷೇರುಗಳ ಅಧ್ಯಯನ), ಕ್ರೆಡಿಟ್ (ಸಾಲದ ಪರಿಶೀಲನೆ) ಅಥವಾ ಪ್ರಾಜೆಕ್ಟ್ ಫೈನಾನ್ಸ್ ನಿನ್ನ ದಾರಿ. ನನ್ನ ಮಟ್ಟಿಗೆ ಪ್ರಾಜೆಕ್ಟ್ ಫೈನಾನ್ಸ್‌ನಷ್ಟು ಎಂಜಿನಿಯರಿಗೆ ಒಪ್ಪುವ, ಅವನ ಪಟ್ಟಿಯಲ್ಲಿ ಅಷ್ಟೇ ಅಪರೂಪಕ್ಕೆ ಕಾಣುವ ಕೆಲಸ ಬೇರೊಂದಿಲ್ಲ. ಒಂದು ವಿದ್ಯುತ್ ಸ್ಥಾವರಕ್ಕೆ ಸಾಲ ಕೊಡುವಾಗ ಸಾಲ ತೀರಬೇಕಾದದ್ದು ಆ ಸ್ಥಾವರ ದುಡಿಯುವ ಹಣದಿಂದಲೇ. ವರ್ಷದಲ್ಲಿ ಎಷ್ಟು ಹೊತ್ತು ಓಡುತ್ತೆ, ಟರ್ಬೈನ್ ಯಾವಾಗ ಬಿಚ್ಚಬೇಕು, ಆ ತಿಂಗಳು ಕಂತು ಕಟ್ಟೋಕೆ ಕೈಯಲ್ಲಿ ಎಷ್ಟಿರುತ್ತೆ, ಇದೇ ಲೆಕ್ಕ. ಕಂತಿಗೆ ಹೋಲಿಸಿದರೆ ಬರುವ ನಗದು ಎಷ್ಟು ಪಟ್ಟು ಇದೆ ಅನ್ನೋ ಡಿಎಸ್‌ಸಿಆರ್ ಅನುಪಾತದ ಮೇಲೆ ಕಣ್ಣಿಟ್ಟೇ ಇಡೀ ಒಪ್ಪಂದ ನಡೆಯುತ್ತೆ. ಇದಕ್ಕೆ ಇಟೋ ಸೂತ್ರ ಬೇಕಿಲ್ಲ. ಅಕೌಂಟಿಂಗ್ ಬೇಕೇ ಬೇಕು. ಅದು ಬೋರು ಅಂತ ಬರೆದಿದ್ದೆಯಲ್ಲ, ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?

ಕ್ವಾಂಟ್‌ಗೇ ಹೋಗ್ತೀನಿ ಅಂತ ಹಟ ಹಿಡಿದರೆ ಒಂದು ವಿಷಯ ತಲೆಯಲ್ಲಿರಲಿ. ಕಬ್ಬಿಣದ ಸರಳಿಗೆ ನಾವು ಬರೆದ ಉಷ್ಣ ಸಮೀಕರಣ ಗೊತ್ತಿಲ್ಲ, ಅದರ ಪಾಡಿಗೆ ಅದು ಬಿಸಿಯಾಗುತ್ತೆ. ಮಾರುಕಟ್ಟೆಯಲ್ಲಿ ನಿನ್ನ ಎದುರಿಗಿರುವವನಿಗೆ ನಿನ್ನ ಸಮೀಕರಣ ಗೊತ್ತಿರುತ್ತೆ. ಮರ್ಟನ್, ಶೋಲ್ಸ್ ಇಬ್ಬರಿಗೂ 1997ರಲ್ಲಿ ನೊಬೆಲ್ ಬಂತು. ಇಬ್ಬರೂ ಪಾಲುದಾರರಾಗಿದ್ದ ಲಾಂಗ್-ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋ ಹೂಡಿಕೆ ನಿಧಿ ಮರುವರ್ಷವೇ ಮುಳುಗುವ ಸ್ಥಿತಿಗೆ ಬಂದು, ನ್ಯೂಯಾರ್ಕ್ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕಿನ ನ್ಯೂಯಾರ್ಕ್ ಶಾಖೆ) ಕರೆಸಿ ಕೂರಿಸಿದ ಬ್ಯಾಂಕುಗಳು ಸುಮಾರು 360 ಕೋಟಿ ಡಾಲರ್ ಸುರಿಯಬೇಕಾಯ್ತು. ಅವರಂತೆಯೇ ಪಂದ್ಯ ಕಟ್ಟಿದ್ದವರೆಲ್ಲ ಒಟ್ಟಿಗೆ ಮಾರೋಕೆ ನಿಂತಾಗ, ಬೇರೆಬೇರೆ ಅಂದುಕೊಂಡಿದ್ದ ಹೂಡಿಕೆಗಳೆಲ್ಲ ಜೊತೆಯಾಗಿ ಕುಸಿದವು. ಅದಕ್ಕೇ ಪಠ್ಯಕ್ರಮದಲ್ಲಿ ಎಕನಾಮೆಟ್ರಿಕ್ಸ್ (ಆರ್ಥಿಕ ಡೇಟಾದ ಸಂಖ್ಯಾಶಾಸ್ತ್ರ) ಎಷ್ಟಿದೆ, ಮಾಡೆಲ್ ರಿಸ್ಕ್ (ಮಾಡೆಲ್ಲೇ ತಪ್ಪಾಗುವ ಅಪಾಯ) ಬಗ್ಗೆ ಏನಿದೆ ಅಂತ ನೋಡು. ನಾನು ಕೂತಿರೋದು ರಿಸ್ಕ್ ವಿಭಾಗದಲ್ಲಿ; ಹೊಸ ಸೂತ್ರ ಕಟ್ಟುವವರಿಗಿಂತ, ಬೇರೆಯವರು ಕಟ್ಟಿದ ಮಾಡೆಲ್ ಎಲ್ಲಿ ಮುರಿಯುತ್ತೆ ಅಂತ ಹುಡುಕಿ ವರದಿ ಬರೆಯುವವರೇ ಇಲ್ಲಿ ಜಾಸ್ತಿ. ಅರ್ಧ ದಿನ ಡೇಟಾ ತೊಳೆಯೋದರಲ್ಲೇ ಹೋಗುತ್ತೆ, ಅದನ್ನು ಯಾವ ಬ್ರೋಷರೂ ಹೇಳಲ್ಲ.

ಅವಧಿಯ ವಿಚಾರ. ಒಂದು ವರ್ಷದ ಕೋರ್ಸು ಅಗ್ಗ ಅಂತ ಹಸಿರು ಬಣ್ಣ ಹಚ್ಚಿದ್ದೀಯ. ದೊಡ್ಡ ಬ್ಯಾಂಕುಗಳು ಖಾಯಂ ಕೆಲಸಕ್ಕೆ ಹೆಚ್ಚಾಗಿ ತೆಗೆದುಕೊಳ್ಳೋದು ತಮ್ಮಲ್ಲೇ ಬೇಸಿಗೆ ಇಂಟರ್ನ್‌ಶಿಪ್ ಮಾಡಿದವರನ್ನು. ಒಂದೇ ವರ್ಷದಲ್ಲಿ ಮುಗಿದರೆ ಆ ಬೇಸಿಗೆಯೇ ಇರಲ್ಲ. ಕ್ಯಾಂಪಸ್ಸಿನಲ್ಲಿ ಚೀಲ ಇಳಿಸುವ ಮೊದಲೇ ಅರ್ಜಿಗಳು ಶುರುವಾಗಿರುತ್ತವೆ, ನಿನ್ನ ರೆಸ್ಯೂಮೆಯಲ್ಲಿ ಫೈನಾನ್ಸ್ ಅನ್ನೋ ಪದವೇ ಇರಲ್ಲ. ಹದಿನಾರು, ಹದಿನೆಂಟು ತಿಂಗಳ ಕೋರ್ಸುಗಳಲ್ಲಿ ನಡುವೆ ಒಂದು ಬೇಸಿಗೆ ಸಿಗುತ್ತೆ. ಬರ್ಕ್ಲಿಯವರು ಒಂದೇ ವರ್ಷದೊಳಗೆ ಇಂಟರ್ನ್‌ಶಿಪ್ ಸೇರಿಸಿದ್ದಾರೆ, ಅಂಥದ್ದಾದರೆ ಸರಿ. ಪ್ಲೇಸ್‌ಮೆಂಟ್ ವರದಿ ಓದುವಾಗ ಸಂಬಳದ ಸರಾಸರಿ ಬಿಡು, ಮೀಡಿಯನ್ (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಬಳ) ನೋಡು. ವಿವರ ಕೊಟ್ಟವರು ಎಷ್ಟು ಮಂದಿ ಅನ್ನೋದನ್ನೂ, ಹುದ್ದೆಗಳ ಹೆಸರನ್ನೂ ನೋಡು. ದೊಡ್ಡ ಬ್ಯಾಂಕಿನ ಲಾಂಛನದ ಕೆಳಗೆ ಯಾವ ಕೆಲಸ ಬೇಕಾದರೂ ಇರಬಹುದು.

ಎಂಬಿಎ ಈಗ ಬೇಡ, ನಾಲ್ಕಾರು ವರ್ಷ ದುಡಿದ ಮೇಲೆ ನೋಡಿದರಾಯ್ತು. ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಪರೀಕ್ಷೆಯ ಮೊದಲ ಹಂತಕ್ಕೆ ಓದುತ್ತಾ ಹೋದರೆ ನಷ್ಟವಿಲ್ಲ. ಅಕೌಂಟಿಂಗ್ ಭಯ ಬಿಡುತ್ತೆ, ಮತ್ತೆ ಈ ಕ್ಷೇತ್ರವೇ ಬೇಡ ಅನ್ನಿಸಿದರೆ ಮಾಸ್ಟರ್ಸ್ ಶುಲ್ಕಕ್ಕಿಂತ ಎಷ್ಟೋ ಕಮ್ಮಿ ಖರ್ಚಿನಲ್ಲಿ ಅದು ಗೊತ್ತಾಗಿರುತ್ತೆ.

ಕೊನೆಗೆ ನಿನ್ನ ಎಸ್‌ಒಪಿ, ಅಂದರೆ ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆಯುವ ಪತ್ರ. ‘ಚಿಕ್ಕಂದಿನಿಂದಲೂ ನನಗೆ ಹಣಕಾಸಿನಲ್ಲಿ ಆಸಕ್ತಿ’ ಅನ್ನೋ ಸಾಲನ್ನು ದಯವಿಟ್ಟು ಹೊಡೆದುಹಾಕು, ನಿನ್ನ ಬಾಲ್ಯ ನಾನು ನೋಡಿದ್ದೀನಿ. ಅದರ ಬದಲು ಬೇರಿಂಗ್ ಯಾವಾಗ ಕೆಡುತ್ತೆ ಅಂತ ಅಂದಾಜು ಮಾಡಿದ ನಿನ್ನ ಕೊನೆಯ ವರ್ಷದ ಪ್ರಾಜೆಕ್ಟಿನಿಂದ ಶುರುಮಾಡು. ಅಲ್ಲಿ ನೀನು ಬಳಸಿದ ಹಝಾರ್ಡ್ ರೇಟನ್ನೇ (ಈವರೆಗೆ ಕೆಡದೆ ಉಳಿದದ್ದು ಈಗ ಕೆಡುವ ಸಾಧ್ಯತೆಯ ದರ) ಇಲ್ಲಿ ಸಾಲಗಾರ ಯಾವಾಗ ಕೈ ಎತ್ತುತ್ತಾನೆ ಅಂತ ಲೆಕ್ಕ ಹಾಕೋಕೆ ಬಳಸ್ತಾರೆ. ಎರಡು ಪ್ಯಾರಾದಲ್ಲಿ ಬರೆದು ಭಾನುವಾರದೊಳಗೆ ಕಳಿಸು, ಜೊತೆಗೆ ಆ ಬಿಟ್ಟುಹೋದ ಕಾಲಂ ತುಂಬಿ ಹಾಳೆಯನ್ನೂ.

ಇಂತಿ,
ನಿನ್ನ ಹಳೇ ಬೆಂಚಿನವನು