ಡೆಟ್ರಾಯಿಟ್‌ನ 13ನೇ ಕ್ಷೇತ್ರ: ಗಡಿ ಗೆರೆಗಿಂತ ಮೊದಲು ಮನೆ ವಿಳಾಸ ಸರಿಮಾಡಿಸಿ

ಮಿಶಿಗನ್ 13ನೇ ಕ್ಷೇತ್ರದ ಸಂಸದರಾದ ಮಾನ್ಯ ಶ್ರೀ ಥಾನೇದಾರ್ ಅವರಿಗೆ,

ನಮಸ್ಕಾರ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆರಿಸಿ ಹೋದ ಸುದ್ದಿ ನಮಗೆಲ್ಲ ಗೊತ್ತು. ಆ ಕ್ಷೇತ್ರದ ಗಡಿ ಹೇಗೆ ಬಂತು ಎಂಬುದರ ಬಗ್ಗೆ, ಮತ್ತು 2030ರ ಜನಗಣತಿಗೆ ಮುಂಚೆ ಆಗಬೇಕಾದ ಒಂದು ಕೆಲಸದ ಬಗ್ಗೆ ಈ ಪತ್ರ.

1950ರಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ 18,49,568. 2020ರಲ್ಲಿ 6,39,111. ಆ ವರ್ಷದ ಗಣತಿಯ ನಂತರ ಕಾಂಗ್ರೆಸ್ಸಿನಲ್ಲಿ ಮಿಶಿಗನ್ ರಾಜ್ಯದ ಸ್ಥಾನಗಳು 14ರಿಂದ 13ಕ್ಕೆ ಇಳಿದು, ಕ್ಷೇತ್ರವೊಂದಕ್ಕೆ 7,75,179 ಜನ ಎಂದಾಯಿತು. ಅಂದರೆ ಇಡೀ ನಗರ ಒಂದೇ ಕ್ಷೇತ್ರದೊಳಗೆ ಹಿಡಿಸುತ್ತದೆ. ಆದರೂ ಅದನ್ನು 12 ಮತ್ತು 13ಕ್ಕೆ ಹಂಚಲಾಯಿತು. ಗೆರೆ ಎಳೆದದ್ದು 2018ರ ಜನಮತದಿಂದ ಹುಟ್ಟಿದ ನಾಗರಿಕ ಆಯೋಗ. ಕಪ್ಪು ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ಒತ್ತಿ ತುಂಬಬಾರದು ಎಂಬುದು ಅದರ ವಾದ. ಫಲವಾಗಿ ಎರಡೂ ಕಡೆ ಅವರು ಅರ್ಧಕ್ಕಿಂತ ಕಡಿಮೆಯಾದರು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಹೋದ ಮೇಲೆ ಮೊದಲ ಬಾರಿಗೆ, 2023ರಲ್ಲಿ, ಡೆಟ್ರಾಯಿಟ್‌ಗೆ ಕಪ್ಪು ಸಂಸದರಿಲ್ಲದಾಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ 2022ರ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಲವರ ನಡುವೆ ಒಡೆದು ಸುಮಾರು ಶೇ. 28ರಲ್ಲಿ ತಾವು ಗೆದ್ದದ್ದೂ ಇದೇ ನಕ್ಷೆಯಲ್ಲಿ. ಇದೇ ಆಯೋಗ ಬರೆದ 13 ರಾಜ್ಯ ಶಾಸನಸಭಾ ಕ್ಷೇತ್ರಗಳನ್ನು ಫೆಡರಲ್ ಕೋರ್ಟು 2023ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಕಾಂಗ್ರೆಸ್ ನಕ್ಷೆ ಮಾತ್ರ ಹಾಗೇ ಉಳಿಯಿತು.

ಗಡಿಯೊಳಗಿನ ಗಡಿಗಳು ಇನ್ನೂ ಹಳೆಯವು. ಫ್ರೆಂಚರ ಕಾಲದ ಹೊಲಗಳು ನದಿಯಿಂದ ಒಳಕ್ಕೆ ಉದ್ದುದ್ದ ಪಟ್ಟಿಗಳಾಗಿದ್ದವು. ನದಿ ಹತ್ತಿರದ ಬೀದಿಗಳು ಇಂದಿಗೂ ಅದೇ ಓರೆಯಲ್ಲಿವೆ. ಕಾರು ಕಾರ್ಖಾನೆಗಳ ಕಾಲದಲ್ಲಿ ಹೈಲ್ಯಾಂಡ್ ಪಾರ್ಕ್ 1918ರಲ್ಲಿ, ಹ್ಯಾಮ್‌ಟ್ರಾಮ್ಕ್ 1922ರಲ್ಲಿ ಪ್ರತ್ಯೇಕ ನಗರಗಳಾದವು, ಡೆಟ್ರಾಯಿಟ್‌ಗೆ ಸೇರಲಿಲ್ಲ. ಈಗ ಎರಡನ್ನೂ ಅದು ಸುತ್ತುವರಿದಿದೆ. ಫೋರ್ಡ್ 1913ರಲ್ಲಿ ಚಲಿಸುವ ಜೋಡಣೆ ಸಾಲು ಶುರುಮಾಡಿದ ಹೈಲ್ಯಾಂಡ್ ಪಾರ್ಕ್‌ನಲ್ಲಿ 1930ರಲ್ಲಿ 52,959 ಜನರಿದ್ದರು, 2020ರಲ್ಲಿ 8,977. ಬಡಾವಣೆ ಸುಧಾರಣೆಯ ಫೆಡರಲ್ ಅನುದಾನ ಸಾಮಾನ್ಯವಾಗಿ ನೇರವಾಗಿ ಸಿಗುವುದು 50,000 ಮೀರಿದ ನಗರಗಳಿಗೆ. ಆ ಮಿತಿಗಿಂತ ಬಹಳ ಕೆಳಗಿರುವ ಇಷ್ಟು ಸಣ್ಣ ಊರಲ್ಲಿ ಎಣಿಕೆ ತಪ್ಪಿದ ಒಂದೊಂದು ಬೀದಿಯೂ ಲೆಕ್ಕಕ್ಕೆ ಬರುತ್ತದೆ.

ಎಣಿಕೆ ತಪ್ಪುವುದು ಎಲ್ಲಿ? ಹ್ಯಾಮ್‌ಟ್ರಾಮ್ಕ್‌ನಲ್ಲಿ ಕೆಳಗೊಂದು, ಮೇಲೊಂದು ಸಂಸಾರವಿರುವ ಮನೆಗಳೇ ಹೆಚ್ಚು. ಗಣತಿಯ ವಿಳಾಸ ಪಟ್ಟಿಯಲ್ಲಿ ಒಂದೇ ವಿಳಾಸವಿದ್ದರೆ ನಮೂನೆ ಒಂದೇ ಬರುತ್ತದೆ, ಮೇಲಿನವರು ಬಿಟ್ಟುಹೋಗುತ್ತಾರೆ. ಡೆಟ್ರಾಯಿಟ್‌ನಲ್ಲಿ ಪಾಳುಮನೆಗಳ ಸಾಲಿನಲ್ಲಿ ಒಂದು ಮನೆಯಲ್ಲಿ ಮಾತ್ರ ಜನರಿದ್ದರೆ, ಬಾಗಿಲು ತೆರೆಯದಿದ್ದಾಗ ಅದೂ 'ಖಾಲಿ' ಎಂದು ದಾಖಲಾಗುವ ಅಪಾಯ ಇದೆ. 2020ರಲ್ಲಿ ಮನೆಭೇಟಿ ಅಕ್ಟೋಬರ್ 31ರವರೆಗೆ ನಡೆಯಬೇಕಿತ್ತು, 15ಕ್ಕೇ ನಿಲ್ಲಿಸಿದರು. ದೇಶದ ಮಟ್ಟದಲ್ಲಿ ಕಪ್ಪು ಜನರ ಎಣಿಕೆ ಶೇ. 3.3ರಷ್ಟು ಕಡಿಮೆಯಾಯಿತೆಂದು ಗಣತಿ ಇಲಾಖೆಯೇ ಒಪ್ಪಿದೆ.

ಆದ್ದರಿಂದ ಕೇಳುವುದಿಷ್ಟು. ಗಣತಿಗೆ ಸುಮಾರು ಎರಡು ವರ್ಷ ಮೊದಲು ಇಲಾಖೆ ತನ್ನ ವಿಳಾಸ ಪಟ್ಟಿಯನ್ನು ಸ್ಥಳೀಯ ಸರ್ಕಾರಗಳ ಮುಂದಿಡುತ್ತದೆ. ಕಳೆದ ಸಲ ತಿದ್ದಲು ಸಿಕ್ಕದ್ದು 120 ದಿನ. ನಾಲ್ಕೈದು ನೌಕರರ ಕಚೇರಿಗೆ ಅದು ಏತಕ್ಕೂ ಸಾಲದು. ಪಟ್ಟಿ ಬರುವ ಮೊದಲೇ ನೀರಿನ ಬಿಲ್, ವಿದ್ಯುತ್ ಮೀಟರ್, ಬಾಡಿಗೆ ಮನೆ ಪರವಾನಗಿಯ ದಾಖಲೆಗಳನ್ನು ಒಂದಕ್ಕೊಂದು ಹೋಲಿಸಿ, ಒಂದು ಬಾಗಿಲಿಗೆ ಎರಡು ಮೀಟರ್ ಇರುವ ಮನೆಗಳನ್ನು ಗುರುತಿಸಿಡಬೇಕು. ಸಣ್ಣ ಊರುಗಳಿಗೆ ಈ ಕೆಲಸಕ್ಕೆ ಜನ ಮತ್ತು ಹಣ ಕೊಡಿಸುವುದು, ಮನೆಭೇಟಿಯ ಅವಧಿ ಮೊಟಕಾಗದಂತೆ ಬಜೆಟ್ಟಿನಲ್ಲೇ ಕಟ್ಟುವುದು ಕಾಂಗ್ರೆಸ್ಸಿನ ಕೈಯಲ್ಲಿದೆ.

ಇನ್ನೊಂದು. ಹ್ಯಾಮ್‌ಟ್ರಾಮ್ಕ್‌ನಲ್ಲಿ ಬಂಗಾಳಿ ಮತಪತ್ರ ಕೊಡಬೇಕೆಂದು 2011ರಲ್ಲೇ ಆದೇಶವಾಗಿತ್ತು. ಆದರೆ 2020ರಲ್ಲಿ ಆನ್‌ಲೈನ್ ಗಣತಿ ನಮೂನೆ ಇಂಗ್ಲಿಷ್ ಬಿಟ್ಟು 12 ಭಾಷೆಗಳಲ್ಲಿ ಬಂದರೂ ಅದರಲ್ಲಿ ಬಂಗಾಳಿ ಇರಲಿಲ್ಲ. ಬಂಗಾಳಿ ಮಾತಾಡುವವರಿಗೆ ಸಿಕ್ಕದ್ದು ಬರೀ ಮಾರ್ಗದರ್ಶಿ. 2030ರ ಭಾಷಾಪಟ್ಟಿ ಅಂತಿಮವಾಗುವ ಮೊದಲು ಅದನ್ನು ಸೇರಿಸುವಂತೆ ಇಲಾಖೆಗೆ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಪ್ರಕಟಿಸಿ.

ಇತಿ,
ಜನಗಣತಿ, ಕ್ಷೇತ್ರ ವಿಂಗಡಣೆಗಳ ಲೆಕ್ಕ ನೋಡುವ ಕೆಲವು ಕನ್ನಡಿಗರು