ಆ ರಾತ್ರಿ ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ

ನಿನ್ನೆ ಸ್ಕ್ಯಾನ್ ರಿಪೋರ್ಟ್ ಬಂತು. ಏನೂ ಇಲ್ಲ. ಕರುಳಿನ ಕ್ಯಾನ್ಸರಿಗೆ ತಗೊಂಡ ಕೊನೆಯ ಕೀಮೋ ಮುಗಿದು ಎರಡು ವರ್ಷವಾಯಿತು. ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಆಸ್ಪತ್ರೆಗೆ ಓಡಾಡಿದ ಗೆಳೆಯರು, ರಕ್ತ ಕೊಟ್ಟವರು, ನನ್ನ ಕೆಲಸವನ್ನೂ ಹೊತ್ತುಕೊಂಡ ಆಫೀಸಿನವರು, ನರ ಸಿಗದಿದ್ದರೂ ಸಮಾಧಾನದಿಂದ ಹುಡುಕಿದ ನರ್ಸ್‌ಗಳು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಆಪರೇಷನ್ ಆಗಿ ಮನೆಗೆ ಬಂದ ಮೂರನೇ ರಾತ್ರಿ ಸ್ಟೋಮಾ ಬ್ಯಾಗ್, ಅಂದರೆ ಮಲ ಹೊರಬರಲು ಹೊಟ್ಟೆಯಲ್ಲಿ ಮಾಡಿದ್ದ ತೂತಿನ ಮೇಲೆ ಅಂಟಿಸಿದ್ದ ಚೀಲ, ಬಿಟ್ಟುಕೊಂಡಿತು. ಹಾಸಿಗೆ, ಬಟ್ಟೆ ಎಲ್ಲ ಗಲೀಜು. ನನಗಾಗ 34 ವರ್ಷ. ಗೋಡೆ ಕಡೆ ಮುಖ ತಿರುಗಿಸಿ, ನೀನು ಹೋಗಕ್ಕಾ ಅಂತ ಅತ್ತುಬಿಟ್ಟೆ. ಅವಳು ಹೋಗಲಿಲ್ಲ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಸುತ್ತಲಿನ ಚರ್ಮ ಒರೆಸಿದಳು. ಒತ್ತಿ ಒತ್ತಿ ಒಣಗಿಸಿದಳು. ಹೊಸ ಬ್ಯಾಗಿನ ತೂತನ್ನು ಅಳತೆಗೆ ಕತ್ತರಿಸಿ ಅಂಟಿಸಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಳು. "ಅಳೋದಾದ್ರೆ ಅಳು ಕಣೋ. ಅಲ್ಲಾಡಬೇಡ ಅಷ್ಟೇ, ಅಂಟು ಹಿಡೀಲಿ."

ಬೆಳಗಾಗುವವರೆಗೂ ಆ ಕೈ ಅಲ್ಲೇ ಇತ್ತು.

ನನ್ನ ಎಂಟು ತಿಂಗಳು ತಿಂದದ್ದು ಇದೇ ನಾಚಿಕೆ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಇರಬೇಕು ಅಂತ ಸುಮ್ನಿದ್ದೆ. ಮೊದಲು ನೋಡಿದ ಡಾಕ್ಟರೂ ಈ ವಯಸ್ಸಿಗೆ ಇನ್ನೇನು ಇರುತ್ತೆ ಅಂದರು. ಕರುಳಿನ ಕ್ಯಾನ್ಸರ್ ವಯಸ್ಸಾದವರಿಗೆ ತಾನೇ ಬರೋದು? ಹಾಗಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದಲೇ 50 ದಾಟದವರಲ್ಲಿ ಇದು ಏರುತ್ತಾ ಬಂದಿದೆ. ಅದಕ್ಕೇ 2021ರಲ್ಲಿ ಅಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನನ್ನ ವಯಸ್ಸಿನವರಿಗೆ ಅದೂ ಸಾಲದು. ಬಾಯಿಬಿಟ್ಟು ಹೇಳಬೇಕು. ರಕ್ತ ಹೋಗುತ್ತಿದ್ದರೆ, ಕಾರಣವಿಲ್ಲದೆ ರಕ್ತ ಕಡಿಮೆಯಾಗಿ ಸುಸ್ತಾಗುತ್ತಿದ್ದರೆ ದಯವಿಟ್ಟು ಹೇಳಿ. ಒಬ್ಬ ಡಾಕ್ಟರ್ ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ.

ತಮ್ಮನಿಗೆ ಬಂದಿದೆ, ನೀವೂ ನೋಡಿಸಿಕೊಳ್ಳಿ ಅಂತ ಡಾಕ್ಟರ್ ಅಂದಿದ್ದಕ್ಕೆ ಅಕ್ಕನೂ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳು ನೋಡುವ ಪರೀಕ್ಷೆ) ಮಾಡಿಸಿದಳು. ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು, ಸಿಕ್ಕಿತು. ಅದು ಕ್ಯಾನ್ಸರಿಗೆ ತಿರುಗುವ ಮೊದಲೇ, ಅಲ್ಲೇ ತೆಗೆದರು. ಆ ದಿನ ನನಗೆ ಕೀಮೋ ಇತ್ತು. ಅವಳು ಒಬ್ಬಳೇ ಹೋಗಿ ಬಂದಳು. ಅದು ನನಗೆ ಇನ್ನೂ ಚುಚ್ಚುತ್ತದೆ.

ಮುಂದಿನ ಸಲ ನಾನು ಬರ್ತೀನಕ್ಕಾ. ಹಿಂದಿನ ದಿನ ಕುಡಿಯಬೇಕಲ್ಲ ಆ ಔಷಧಿ ನೀರು, ಲೋಟ ಲೋಟ ಕುಡಿಸೋದೂ ನಾನೇ.