ವಿಷಯ: ಒಮ್ಮೆ ನೇರಗೊಳಿಸಿದ ಕೂದಲಿಗೇ ಮತ್ತೆ ಸ್ಟ್ರೇಟ್ನಿಂಗ್ ಕ್ರೀಮ್ ಹಚ್ಚಿ ಹಾಳುಮಾಡಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಸಲ ನಿಮ್ಮ ಬೆಂಗಳೂರಿನ ಶಾಖೆಗೆ ಬಂದು ಹೋಗಿದ್ದೇನೆ. ಏರಿಯಾ ಮ್ಯಾನೇಜರ್ ಕರೆ ಮಾಡುತ್ತಾರೆ ಅಂದು 19 ದಿನವಾಯಿತು. ಕಳೆದ ಶನಿವಾರ ಕೌಂಟರಿನಲ್ಲಿ ನಡೆದದ್ದಾದ ಮೇಲೆ ಬಾಯಿಮಾತಿನ ವ್ಯವಹಾರ ಸಾಕು.

ಈ ಸಲದ ಸ್ಟ್ರೇಟ್ನಿಂಗಿಗೆ ನಾಲ್ಕು ತಿಂಗಳ ಮೊದಲು ಇದೇ ಶಾಖೆಯಲ್ಲಿ ಒಮ್ಮೆ ಮಾಡಿಸಿದ್ದೆ; ಅದು ನಿಮ್ಮ ಕಾರ್ಡಿನಲ್ಲೇ ಇದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಹಾಗಾಗಿ ಬುಡದಲ್ಲಿ ಸುಮಾರು 5 ಸೆಂ.ಮೀ. ಹೊಸ ಗುಂಗುರು, ಅಲ್ಲಿಂದ ತುದಿಯವರೆಗೆ 7 ಸೆಂ.ಮೀ. ಹಳೆಯ ನೇರ ಕೂದಲು. ಕ್ರೀಮ್ ಬೇಕಿದ್ದದ್ದು ಆ 5 ಸೆಂಟಿಮೀಟರಿಗೆ ಮಾತ್ರ, ಅದೂ ನೆತ್ತಿಯ ಚರ್ಮಕ್ಕೆ ತಾಗದಂತೆ. ನಿಮ್ಮ ಹುಡುಗ ಬುಡದಿಂದ ತುದಿಯವರೆಗೆ ಬಾಚಣಿಗೆಯಲ್ಲಿ ಎಳೆದ. ಇಂಥ ಕ್ರೀಮಿನ ಅಮೋನಿಯಂ ಥಯೋಗ್ಲೈಕೋಲೇಟ್ ಕೂದಲೊಳಗಿನ ಗಂಧಕದ ಕೊಂಡಿಗಳನ್ನು ಕಡಿಯುತ್ತದೆ. ಆಮೇಲೆ ಹಚ್ಚುವ ನ್ಯೂಟ್ರಲೈಜರಿನ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಹೊಸ ಆಕಾರದಲ್ಲಿ ಮತ್ತೆ ಕಟ್ಟುತ್ತದೆ. ಕಡಿದದ್ದೆಲ್ಲ ಪೂರ್ತಿ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಹಳೆಯ ಭಾಗವನ್ನು ಎರಡನೇ ಸಲ ಮುಟ್ಟಬಾರದು. ಮೇಲಿಂದ ಅದೇ ತುದಿಗಳ ಮೇಲೆ 230 ಡಿಗ್ರಿ ಅಂತ ತೋರಿಸುತ್ತಿದ್ದ ಐರನ್ನನ್ನು ಎಂಟೊಂಬತ್ತು ಸಲ ಆಡಿಸಿದ.

ನಿಮ್ಮದೇ ಒಪ್ಪಿಗೆ ಪತ್ರದ 3ನೇ ಸಾಲಿನಲ್ಲಿ ಸ್ಟ್ರಾಂಡ್ ಟೆಸ್ಟ್ ಕಡ್ಡಾಯ ಅಂತ ಇದೆ. ಕಿವಿಯ ಹಿಂದಿನ ಸಣ್ಣ ಎಳೆಗೆ ಕ್ರೀಮ್ ಹಚ್ಚಿ, ಆಗಾಗ ಒರೆಸಿ ಎಳೆದು ನೋಡಬೇಕು. ಹಿಗ್ಗಿ ಹಿಂದಕ್ಕೆ ಬಂದರೆ ಸರಿ. ಶ್ಯಾವಿಗೆ ಹಾಗೆ ಎಳೆದಷ್ಟೂ ಬಂದು ತುಂಡಾದರೆ ಅಲ್ಲಿಗೇ ನಿಲ್ಲಿಸಬೇಕು. ಪರೀಕ್ಷೆ ಮಾಡಲೇ ಇಲ್ಲ. ಆದರೂ ಆ ಸಾಲಿನ ಮುಂದೆ ಟಿಕ್ ಗುರುತು ಬಿದ್ದಿದೆ.

ಈಗ ಕೂದಲು ಒದ್ದೆಯಾದರೆ ಅಂಟಂಟು, ಒಣಗಿದರೆ ತೆಂಗಿನ ನಾರು. ಹೊರಪದರ ಎದ್ದು ನಿಂತಿರುವುದರಿಂದ ಮಳೆಗಾಲದ ತೇವವನ್ನೆಲ್ಲ ಹೀರಿಕೊಂಡು ಉಬ್ಬುತ್ತದೆ.

ಶನಿವಾರ ಸಂಜೆ ಬಂದಾಗ ಸೋಫಾದಲ್ಲಿ ಆರು ಜನ ಕೂತಿದ್ದರು. ಕೌಂಟರಿನವರು ಎದ್ದು ಬರದೆ, ಅಲ್ಲಿಂದಲೇ ಗಟ್ಟಿಯಾಗಿ, "ಸರ್, ಶಾಂಪೂ ಯಾವುದು ಹಾಕ್ತೀರಾ?" ಅಂದರು. ಹೇಳಿದೆ. "ಎಣ್ಣೆ ಹಚ್ತೀರಾ?" ವಾರಕ್ಕೊಮ್ಮೆ, ಸ್ನಾನಕ್ಕೆ ಮೊದಲು, ಒಂದು ಚಮಚ ತೆಂಗಿನೆಣ್ಣೆ ಅಂದೆ. "ಅದೇ ನೋಡಿ ಪ್ರಾಬ್ಲಮ್ಮು!" ಅಂತ ಪಕ್ಕದವರ ಕಡೆ ತಿರುಗಿ ನಕ್ಕರು. ಸ್ಟ್ರಾಂಡ್ ಟೆಸ್ಟ್ ಯಾಕೆ ಮಾಡಲಿಲ್ಲ ಅಂತ ಕೇಳಿದರೆ, "ಜೆಂಟ್ಸ್ ಹೇರಿಗೆ ಅದೆಲ್ಲ ಯಾರು ಮಾಡ್ತಾರೆ ಸರ್, ಇಷ್ಟುದ್ದ ಕೂದಲಿಗೆ?" ಅಂತ ಬೆರಳಲ್ಲಿ ಅಳತೆ ತೋರಿಸಿದರು. ಸೋಫಾದಲ್ಲಿದ್ದವರೂ ನಕ್ಕರು. ಆಮೇಲೆ ನನ್ನ ಅನುಮತಿ ಕೇಳದೆ ಕೈಹಾಕಿ ಒಂದು ಎಳೆ ಹಿಡಿದು, "ವಯಸ್ಸಿಗೂ ಹೀಗಾಗುತ್ತೆ" ಅಂದರು. ಆ ಎಳೆ ಅವರ ಬೆರಳಲ್ಲೇ ತುಂಡಾಯಿತು. ಅದನ್ನು ನೆಲಕ್ಕೆ ಕೊಡವಿ, ಕೂದಲು ನಯಮಾಡುವ 6,500 ರೂಪಾಯಿಯ ಕೆರಾಟಿನ್ ಪ್ಯಾಕೇಜಿನ ಚೀಟಿ ಮುಂದಿಟ್ಟರು.

ಹದಿನೈದು ವರ್ಷದಿಂದ ಇಂಥ ಕೂದಲನ್ನು ನೋಡಿಕೊಂಡು ಬಂದವನು ನಾನು. ಮೊದಲ 72 ಗಂಟೆ ನೀರು, ಹೆಲ್ಮೆಟ್ ಎರಡನ್ನೂ ತಾಗಿಸಲಿಲ್ಲ. ಆಮೇಲೆ ವಾರಕ್ಕೆ ಎರಡೇ ಸಲ ಸಲ್ಫೇಟ್ ಇಲ್ಲದ ಶಾಂಪೂ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಸುಣ್ಣದ ಅಂಶ ಕೂದಲ ಮೇಲೆ ಕೂರದಂತೆ ಕೊನೆಗೆ ಎರಡು ಲೀಟರ್ ಫಿಲ್ಟರ್ ನೀರು ಹುಯ್ದುಕೊಳ್ಳುತ್ತೇನೆ. ಕಂಡೀಷನರ್ ತುದಿಗಳಿಗೆ ಮಾತ್ರ, ಮೂರು ನಿಮಿಷ. ಟವೆಲ್ಲಿನಲ್ಲಿ ಉಜ್ಜುವುದಿಲ್ಲ, ಹಳೆಯ ಕಾಟನ್ ಬನಿಯನ್ನಿನಲ್ಲಿ ಒತ್ತುತ್ತೇನೆ. ಎರಡು ಹನಿ ಸೀರಮ್, ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರುಮಾಡಿ ಬುಡದ ಕಡೆಗೆ. ತೆಂಗಿನೆಣ್ಣೆ ಕೂದಲೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ತಗ್ಗಿಸುತ್ತದೆ. ಅದನ್ನು ಕೂದಲಿನ ಕೆಲಸದವರೇ ದೂರಿದರೆ ಯಾರಿಗೆ ಹೇಳುವುದು?

ಕೆರಾಟಿನ್ ಬಾಟಲಿಯ ಲೇಬಲ್ ಕೇಳಿದೆ, ತೋರಿಸಲಿಲ್ಲ. ಬಿಸಿಗೆ ಫಾರ್ಮಲ್ಡಿಹೈಡ್ ಬಿಡುವ ದ್ರಾವಣ ನನಗೆ ಬೇಡ, ಅದು ಕ್ಯಾನ್ಸರ್‌ಕಾರಕ. ಗ್ಲೈಆಕ್ಸಿಲಿಕ್ ಆಮ್ಲದ್ದಾದರೆ, ಅದರಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಯಾವುದೇ ಆಗಲಿ, ಕೂದಲೊಳಗೆ ಕಡಿದ ಕೊಂಡಿ ಅದರಿಂದ ಮೊದಲಿನಂತಾಗುವುದಿಲ್ಲ.

ಕಟ್ಟಿದ 4,800 ರೂಪಾಯಿ ಪೂರ್ತಿ ವಾಪಸ್ ಬೇಕು. ಅಂದು ಬಳಸಿದ ಕ್ರೀಮ್, ನ್ಯೂಟ್ರಲೈಜರ್‌ಗಳ ಹೆಸರು, ಬ್ಯಾಚ್ ಸಂಖ್ಯೆ ಬರಹದಲ್ಲಿ ಬೇಕು. ಆ ಟಿಕ್ ಹಾಕಿದವರು ಯಾರು ಅನ್ನುವುದೂ ಬೇಕು. ಹದಿನೈದು ದಿನ ಕಾಯುತ್ತೇನೆ.

ಆಮೇಲೆ ನಾನು ಫೋನ್ ಮಾಡುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ಇಷ್ಟು ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಹಣ ಆಗ ಕೊಟ್ಟರೂ ದೂರು ಹಿಂದಕ್ಕೆ ತೆಗೆಯುವುದಿಲ್ಲ. ಬಿಲ್ಲು, ಟಿಕ್ ಹಾಕಿದ ಪತ್ರದ ಫೋಟೊ, ಕವರಿನಲ್ಲಿ ಎತ್ತಿಟ್ಟ ತುಂಡು ಕೂದಲು ನನ್ನ ಹತ್ತಿರ ಇವೆ. ಶನಿವಾರ ಸಂಜೆಯ ಕ್ಯಾಮೆರಾ ದೃಶ್ಯ ನಿಮ್ಮ ಹತ್ತಿರ ಇದೆ. ಅದನ್ನು ಅಳಿಸಬೇಡಿ, ಆಯೋಗದ ಮುಂದೆ ಕೇಳಿ ಪಡೆಯುತ್ತೇನೆ.

ಇತಿ,
ನೊಂದ ಗ್ರಾಹಕ